ಸಸ್ಯಶಾಸ್ತ್ರದ ಕಪಾಟಿನಲ್ಲಿ ಹಲ್ಮಿಡಿ

ಮೇಷ್ಟ್ರು ನಮಗೆ ಒಂದು ದಿನವೂ ಪಾಠ ಮಾಡಿದವರಲ್ಲ. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ ಪರಾಮರ್ಶನ ವಿಭಾಗದ ಮೇಜಿನ ಹಿಂದೆ ಕೂರುತ್ತಿದ್ದ ಸಹಾಯಕರು ಅವರು. ಆದರೂ 1983ರಿಂದ 85ರವರೆಗೆ ಕನ್ನಡ ಎಂ.ಎ. ಓದಿದ ನಾವೆಲ್ಲ ಅವರನ್ನು ಹಾಗೆಯೇ ಕರೆದೆವು. ಕಳೆದ ತಿಂಗಳು ಅವರು ತೀರಿಕೊಂಡರೆಂದು ಗೆಳೆಯನೊಬ್ಬ ಫೋನ್ ಮಾಡಿ ಹೇಳಿದ. ಪಾಠ ಹೇಳಿದ ಕೆಲವರ ಮುಖವೇ ಮರೆತಿರುವ ನನಗೆ, ಅವರ ಕಿವಿಗೆ ಸಿಕ್ಕಿಸಿದ್ದ ಕೆಂಪು ಪೆನ್ಸಿಲ್ ಮಾತ್ರ ಥಟ್ಟನೆ ಕಣ್ಣಮುಂದೆ ಬಂತು.

ಆಗ ಬಾಗಿಲಲ್ಲೇ ಚೀಲ ಕೊಟ್ಟು ತಗಡಿನ ಬಿಲ್ಲೆ ಪಡೆಯಬೇಕಿತ್ತು. ಒಳಗೆ ಮರದ ಡ್ರಾಯರುಗಳು, ಅವುಗಳಲ್ಲಿ ಕಂಬಿಗೆ ಪೋಣಿಸಿದ ಕಾರ್ಡುಗಳು. ಪಂಪನ ಕಾರ್ಡುಗಳ ಅಂಚು ವಿದ್ಯಾರ್ಥಿಗಳ ಬೆರಳಿನ ಬೆವರಿಗೆ ಕಪ್ಪಾಗಿತ್ತು. ಕೆಲವು ಕವಿಗಳ ಕಾರ್ಡು ಬರೆದ ದಿನದಷ್ಟೇ ಬೆಳ್ಳಗಿತ್ತು. ವಿಮರ್ಶಕರು ಹೇಳಲು ಅಂಜುವುದನ್ನು ಆ ಡ್ರಾಯರುಗಳು ಅಂಜದೆ ಹೇಳುತ್ತಿದ್ದವು. ಮೇಷ್ಟ್ರಿಗೆ ಕಾರ್ಡಿನ ಹಂಗಿರಲಿಲ್ಲ. ಪುಸ್ತಕದ ಹೆಸರು ಅರ್ಧ ಹೇಳಿದರೆ ಸಾಕು, "ಮೂರನೆಯ ಸಾಲು, ಕೆಳಗಿನಿಂದ ಎರಡನೆಯ ತಟ್ಟು, ನೀಲಿ ರಟ್ಟು" ಎನ್ನುತ್ತಿದ್ದರು.

ಇನ್ನು ನನ್ನ ಪ್ರತಾಪ. ಸೆಮಿನಾರಿಗೆ ನನ್ನ ಪಾಲಿಗೆ ಹಲ್ಮಿಡಿ ಶಾಸನ ಬಂದಿತ್ತು. ಎಂ.ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನಲ್ಲಿ ಅದನ್ನು ಪತ್ತೆ ಮಾಡಿ, ಮೈಸೂರು ಪುರಾತತ್ವ ಇಲಾಖೆಯ 1936ರ ವಾರ್ಷಿಕ ವರದಿಯಲ್ಲಿ ಪ್ರಕಟಿಸಿದ್ದರು. ಅದೇ ಶಾಸನದ ಭಾಷೆಯ ಬಗ್ಗೆ ಮಾತನಾಡಲಿದ್ದವನು ತರಗತಿಯಲ್ಲಿ ನನಗೆ ಸದಾ ಎರಡು ಅಂಕ ಮುಂದಿರುತ್ತಿದ್ದ ಸಹಪಾಠಿ. ಪರಾಮರ್ಶನದ ಪುಸ್ತಕವನ್ನು ಹೊರಗೆ ಒಯ್ಯುವಂತಿರಲಿಲ್ಲ. ಒಳಗೇ ಬಚ್ಚಿಡಬಾರದೆಂಬ ನಿಯಮವನ್ನು ನಾನಂತೂ ಓದಿರಲಿಲ್ಲ. ಕನ್ನಡದ ಹುಡುಗರು ಎಂದೂ ಸುಳಿಯದ ಸಸ್ಯಶಾಸ್ತ್ರದ ಕಪಾಟಿಗೆ ಹೋಗಿ, ದಪ್ಪ ಪುಸ್ತಕಗಳ ಹಿಂದೆ ವರದಿಯನ್ನು ತುರುಕಿ ಬಂದೆ.

ಮರುದಿನ ಹೋಗಿ ಕೈಹಾಕಿದರೆ ವರದಿ ಇಲ್ಲ. ಒಂದು ಚೀಟಿ ಸಿಕ್ಕಿತು. ಅದರ ಮೇಲೆ ಕೆಂಪು ಪೆನ್ಸಿಲಿನಲ್ಲಿ: "ಇದು ಇಲ್ಲಿ ಬೆಳೆಯುವುದಿಲ್ಲ."

ಅಕ್ಷರ ಯಾರದೆಂದು ಕೇಳಬೇಕೆ? ತಲೆ ತಗ್ಗಿಸಿ ಮೇಜಿನ ಬಳಿ ಹೋದೆ. ವರದಿ ತೆರೆದುಕೊಂಡು ನನ್ನ ಎದುರಾಳಿ ಆಗಲೇ ಕುಳಿತಿದ್ದ. ಮೇಷ್ಟ್ರು ಪಕ್ಕದ ಕುರ್ಚಿ ಎಳೆದು, "ಕೂತುಕೊಳ್ಳಪ್ಪ. ಇರುವುದೇ ಹದಿನಾರು ಸಾಲು. ಇಬ್ಬರಿಗೂ ಸಾಲುತ್ತದೆ" ಎಂದರು. ದೂರು ಕೊಡಲಿಲ್ಲ, ದಂಡ ಹಾಕಲಿಲ್ಲ. ಅಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಎದುರು ಸಿಕ್ಕವರು, "ಗಿಡಮರ ನೋಡಲು ಬಂದೆಯಾ?" ಎಂದಷ್ಟೇ ಕೇಳಿದರು.

ನಿಜಕ್ಕೂ ನೋಡತೊಡಗಿದ್ದೆ. ವರದಿಗೆ ಜಾಗ ಮಾಡಲು ಹಿಂದಿನ ದಿನ ನಾನು ಹೊರಗೆಳೆದಿದ್ದು ಹಾಸನ ಜಿಲ್ಲೆಯ ಸಸ್ಯಸಂಪತ್ತನ್ನು ಕುರಿತು 1976ರಲ್ಲಿ ಬಂದ ಇಂಗ್ಲಿಷ್ ಗ್ರಂಥ. ನಿಂತಲ್ಲೇ ನಾಲ್ಕು ಪುಟ ತಿರುವಿದ್ದೆ. ಹಲ್ಮಿಡಿಯ ನೆಲವೂ ಹಾಸನದ್ದೇ ಅಲ್ಲವೇ? ಆಲನಹಳ್ಳಿಯ ಆಲ, ಹೊಂಗನೂರಿನ ಹೊಂಗೆ, ಕೃಷ್ಣರಾಜಪೇಟೆಗೆ ಮೊದಲಿದ್ದ ಅತ್ತಿಕುಪ್ಪೆ ಎಂಬ ಹೆಸರಿನೊಳಗಿನ ಅತ್ತಿ, ಎಲ್ಲವೂ ಒಟ್ಟಿಗೇ ತಲೆಗೆ ಹತ್ತಿಕೊಂಡವು. ಮುಂದೆ ಊರ ಹೆಸರುಗಳಲ್ಲಿನ ಗಿಡಮರಗಳೇ ನನ್ನ ಪಿಎಚ್.ಡಿ. ವಿಷಯವಾದವು. ಪರೀಕ್ಷಕರೊಬ್ಬರು ಅದನ್ನು 'ಹೊಸ ದಾರಿ' ಎಂದು ಬರೆದಿದ್ದರು. ಜಂಬವೆಂದುಕೊಳ್ಳಬೇಡಿ, ಅವರೇ ಬರೆದ ಮಾತು. ಆ ದಾರಿ ಎಲ್ಲಿಂದ ಹೊರಟಿತೆಂದು ನಾನು ಅವರಿಗೆ ತಿಳಿಸಲಿಲ್ಲ.

ಮೇಷ್ಟ್ರ ಮನೆಗೆ ಹೋಗಿಬಂದ ಮೇಲೆ ಗಂಗೋತ್ರಿಗೂ ಹೋದೆ. ಕುವೆಂಪು ಇಟ್ಟ ಹೆಸರಿನ ಆವರಣದಲ್ಲಿ ಮರಗಳು ನಮಗಿಂತ ಚೆನ್ನಾಗಿ ವಯಸ್ಸಾಗಿವೆ. ಕಾರ್ಡುಗಳ ಕೆಲಸವನ್ನು ಕಂಪ್ಯೂಟರ್ ಮಾಡುತ್ತಿದೆ. ಅದರ ಮುಂದೆ ಕುಳಿತು ನಾನು ಮೊದಲು ಹುಡುಕಿದ್ದು ಹಲ್ಮಿಡಿಯನ್ನಲ್ಲ, ನನ್ನದೇ ಹೆಸರನ್ನು. ಪ್ರಬಂಧಗಳನ್ನು ಗಣಕಕ್ಕೇರಿಸುವ 'ವಿದ್ಯಾನಿಧಿ' ಯೋಜನೆ ಇದೇ ವಿಶ್ವವಿದ್ಯಾನಿಲಯದಲ್ಲಿ 2000ದಲ್ಲೇ ಆರಂಭವಾದದ್ದು. ಈಗ ಶಾಸನಸಂಪುಟಗಳು ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಯಾರೂ ಯಾರಿಂದಲೂ ಬಚ್ಚಿಡುವಂತಿಲ್ಲ. ಒಬ್ಬ ಅಂಧ ವಿದ್ಯಾರ್ಥಿ ಕಿವಿಗೆ ಹೆಡ್‌ಫೋನ್ ಹಾಕಿ ಪುಸ್ತಕ ಕೇಳುತ್ತಿದ್ದ. ನಮ್ಮ ಕಾಲದಲ್ಲಿ ಅಂಥವನೊಬ್ಬ, ಹಾಸ್ಟೆಲಿನಲ್ಲಿ ಯಾರಾದರೂ ಬಿಡುವಾಗಿ ಓದಿ ಹೇಳಲೆಂದು ರಾತ್ರಿ ಹತ್ತರವರೆಗೆ ಕಾಯುತ್ತಿದ್ದ. ಅದನ್ನು ನೆನೆದಾಗ ಹಳೆಯದೇ ಚೆನ್ನಿತ್ತು ಎನ್ನಲು ನಾಲಿಗೆ ಏಳುವುದಿಲ್ಲ. ಆದರೆ ಕೇಳಿದ್ದನ್ನಷ್ಟೇ ಕೊಡುವ ಯಂತ್ರದ ಮುಂದೆ ಕುಳಿತ ಹುಡುಗರು ಕಪಾಟುಗಳ ಕಡೆ ತಿರುಗಿಯೂ ನೋಡದಿದ್ದುದು ಪಿಚ್ಚೆನಿಸಿತು. ಸ್ಪರ್ಧಾತ್ಮಕ ಪರೀಕ್ಷೆಯ ಓದಿನಲ್ಲಿ ಮುಳುಗಿದ್ದವರೇ ಹೆಚ್ಚು. ಕೆಲಸದ ಚಿಂತೆ ಅವರದು. ನಿವೃತ್ತಿ ವೇತನ ಪಡೆಯುವವನು ಉಪದೇಶ ಮಾಡಬಾರದು.

ಹೊರಡುವ ಮುನ್ನ ಸಸ್ಯಶಾಸ್ತ್ರದ ಪುಸ್ತಕಗಳನ್ನು ಹುಡುಕಿಕೊಂಡು ಹೋದೆ. ಕಾಲು ತಾನೇ ಹೋಯಿತು. ಸಾಲಿನ ಹಿಂದೆ ಸುಮ್ಮನೆ ಕೈಹಾಕಿದರೆ ಏನೋ ತಗುಲಿತು: ಕೆ.ಎ.ಎಸ್. ಪರೀಕ್ಷೆಯ ಸಾಮಾನ್ಯ ಅಧ್ಯಯನದ ಕೈಪಿಡಿ, ಅರ್ಧದಲ್ಲಿ ಬಸ್ ಟಿಕೆಟಿನ ಗುರುತು.

ಕೌಂಟರಿಗೆ ಒಪ್ಪಿಸಬೇಕಿತ್ತು. ಅತ್ತಿತ್ತ ನೋಡಿದೆ. ಪುಸ್ತಕದ ಒಂದು ಮೂಲೆ ಹೊರಗೆ ಕಾಣುತ್ತಿತ್ತು. ಇನ್ನಷ್ಟು ಒಳಕ್ಕೆ ತಳ್ಳಿ ಬಂದೆ.