ಡಾಡರ್ ಎಂಬ ಎರಡು ಪದಗಳು

1994ರಲ್ಲಿ ನಾನು ಒಂಬತ್ತನೇ ಕ್ಲಾಸು. ಆಲೂರು ಕಡೆಯ ಹಳ್ಳಿಯಿಂದ ದಿನಾ ಬಸ್ಸಿನಲ್ಲಿ ಹಾಸನಕ್ಕೆ ಬರುತ್ತಿದ್ದೆ. ಶಾಲೆಯ ಆಟದ ಬಯಲಿನ ಸುತ್ತ ಡುರಾಂಟ ಗಿಡದ ಬೇಲಿ ಇತ್ತು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಮೇಲೆಲ್ಲ ಹಳದಿ ಬಳ್ಳಿ ಹಬ್ಬಿತು. ಅರಿಶಿನ ಹಾಕಿದ ಒತ್ತುಶಾವಿಗೆಯನ್ನು ಯಾರೋ ಹರವಿದ ಹಾಗಿತ್ತು. ಎಲೆ ಇಲ್ಲ, ಬುಡ ಹುಡುಕಿದರೆ ಬೇರೂ ಇಲ್ಲ. ನಮ್ಮೂರಲ್ಲಿ ಅದನ್ನು ಆಕಾಶಬಳ್ಳಿ ಅನ್ನುತ್ತಿದ್ದರು.

ಅದೇ ವಾರ ಇಂಗ್ಲಿಷ್ ಪಾಠದಲ್ಲಿ ಡಾಡರ್ ಅನ್ನೋ ಪದ ಬಂತು. ವಯಸ್ಸಾದವರು ತಡವರಿಸುತ್ತಾ ನಡೆಯುವುದು ಅಂತ ಮೇಷ್ಟ್ರು ಅರ್ಥ ಹೇಳಿದರು. ನಾನು ಲೈಬ್ರರಿಯ ಡಿಕ್ಷನರಿ ನೋಡಿದೆ. ಅಲ್ಲಿ ಆಕಾಶಬಳ್ಳಿಗೂ ಅದೇ ಪದ! ಮಧ್ಯಾಹ್ನ ಎದ್ದು ನಿಂತು ಹೇಳಿದೆ: "ಸಾರ್, ಬೇರಿಲ್ಲದ ಬಳ್ಳಿ ಅಲ್ವಾ, ಅದೂ ನಿಲ್ಲೋಕಾಗದೆ ತೂರಾಡುತ್ತೆ. ಅದಕ್ಕೇ ಒಂದೇ ಹೆಸರು." ಮೇಷ್ಟ್ರು ಭೇಷ್ ಅಂದರು. ಕ್ಲಾಸೆಲ್ಲ ಚಪ್ಪಾಳೆ.

ಮಾರನೇ ದಿನ ಮೇಷ್ಟ್ರು ಮನೆಯಿಂದ ದಪ್ಪನೆಯ ಡಿಕ್ಷನರಿಯನ್ನೇ ಹೊತ್ತು ತಂದರು. "ನಿನ್ನೆ ನೋಡದೆ ಭೇಷ್ ಅಂದುಬಿಟ್ಟೆ, ಅದು ನನ್ನ ತಪ್ಪು. ಇವು ಎರಡು ಬೇರೆ ಪದ" ಅಂದರು. ಬಳ್ಳಿಯ ಹೆಸರು ತುಂಬ ಹಳೆಯದು. ಮೊಟ್ಟೆಯ ಹಳದಿಗೆ ಜರ್ಮನ್‌ನಲ್ಲಿ ಡಾಟರ್ ಅನ್ನುತ್ತಾರೆ, ಅದರ ನಂಟು ಇರಬಹುದು. ತಡವರಿಸುವ ಪದ ಬಂದದ್ದು ಆಮೇಲೆ, 17ನೇ ಶತಮಾನದಲ್ಲಿ. "ಹತ್ತು ಅಂದ್ರೆ ಸಂಖ್ಯೆ. ಮರ ಹತ್ತು ಅಂದ್ರೂ ಹತ್ತೇ. ಏನಪ್ಪಾ ಸಂಬಂಧ?" ಅಂತ ಕೇಳಿದರು. ನಲವತ್ತು ಮಕ್ಕಳ ಮುಂದೆ ಒಬ್ಬ ಮೇಷ್ಟ್ರು "ನನ್ನ ತಪ್ಪು" ಅಂದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಅಷ್ಟಕ್ಕೇ ಬಿಡಲಿಲ್ಲ. ವಿಜ್ಞಾನದ ಮಿಸ್ಸನ್ನೂ ಕರೆದುಕೊಂಡು ನಮ್ಮನ್ನೆಲ್ಲ ಬೇಲಿಯ ಹತ್ತಿರ ನಿಲ್ಲಿಸಿದರು. ಮಿಸ್ಸು ಬಳ್ಳಿಯನ್ನು ಮೆಲ್ಲಗೆ ಬಿಡಿಸಿ ತೋರಿಸಿದರು. ಅದು ಸುತ್ತಿಕೊಂಡ ಕಡೆಯೆಲ್ಲ ಸಣ್ಣ ಸಣ್ಣ ಗಂಟು. ಆ ಗಂಟುಗಳು ಡುರಾಂಟದ ಕಾಂಡದೊಳಗೆ ಇಳಿದು ರಸ ಹೀರುತ್ತವೆ. ಬೀಜ ಮೊಳೆತಾಗ ಚೂರು ಬೇರಿರುತ್ತದೆ, ಆಸರೆ ಸಿಕ್ಕ ಮೇಲೆ ಅದು ಒಣಗಿಹೋಗುತ್ತದೆ. ಆಸರೆ ಬೇಗ ಸಿಗದಿದ್ದರೆ ಮೊಳಕೆಯೇ ಸಾಯುತ್ತದೆ. ಗೆಣಸಿನ ಕುಟುಂಬಕ್ಕೇ ಸೇರಿದ ಗಿಡ ಅಂದಾಗ ನಂಬೋಕೇ ಆಗಲಿಲ್ಲ. ಸಂಜೆ ಅಪ್ಪನಿಗೆ ಹೇಳಿದೆ. "ಕಿತ್ತು ಸುಮ್ನೆ ಎಸೆದರೆ ಪ್ರಯೋಜನ ಇಲ್ಲ. ಒಂದು ತುಂಡು ಉಳಿದರೂ ಮತ್ತೆ ಹಬ್ಬುತ್ತೆ. ಗಿಡದ ಕೊಂಬೆ ಸಮೇತ ಕಡಿದು ಸುಡಬೇಕು" ಅಂದರು. ಹಾಗೇ ಮಾಡಿದೆವು.

ಎಷ್ಟೋ ವರ್ಷ ಆದಮೇಲೆ ಒಂದು ಸಂಶೋಧನೆಯ ಸುದ್ದಿ ಓದಿದೆ. 2006ರಲ್ಲಿ ಅಮೆರಿಕದಲ್ಲಿ ಮಾಡಿದ್ದು. ಈ ಬಳ್ಳಿಯ ಮೊಳಕೆ ಟೊಮೆಟೊ ಗಿಡದ ವಾಸನೆ ಹಿಡಿದು ಅದರ ಕಡೆಗೇ ಬಾಗಿ ಬೆಳೆಯುತ್ತದೆ. ಅಂದರೆ ತೂರಾಡುವ ಗಿಡವೇ ಅಲ್ಲ, ಎಲ್ಲಿಗೆ ಹೋಗಬೇಕು ಅಂತ ಗೊತ್ತಿರುವ ಗಿಡ! ಆ ಕ್ಷಣವೇ ಮೇಷ್ಟ್ರಿಗೆ ಫೋನ್ ಮಾಡಿದೆ. ನಿವೃತ್ತರಾಗಿ ಆಗಲೇ ಬಹಳ ವರ್ಷ ಆಗಿತ್ತು.

ಪೂರ್ತಿ ಕೇಳಿಸಿಕೊಂಡರು. "ಪಕ್ಕದಲ್ಲಿ ಬೇರೆ ಗಿಡ ಇಟ್ಟು ನೋಡಿದ್ರಾ?" ಅಂದರು.

"ಗೋಧಿ ಇಟ್ಟಿದ್ರಂತೆ ಸಾರ್. ಆದರೂ ಟೊಮೆಟೊ ಕಡೆಗೇ ಜಾಸ್ತಿ ಹೋಯ್ತಂತೆ."

"ಇರು ಇರು, ಬರ್ಕೋತೀನಿ" ಅಂದರು. ಆ ಕಡೆ ಮೇಜಿನ ಡ್ರಾ ಎಳೆದ ಸದ್ದು ಕೇಳಿಸಿತು.