ಕೊನೆಯ ಬ್ಯಾಚ್ ಯಾವುದು?

ಮೈಸೂರು, 12 ಜೂನ್ 2024, ಬುಧವಾರ

ಸಂಜೆ ಹೆಬ್ಬಾಳದ ಕಚೇರಿಯಿಂದ ಹೊರಡುವ ಹೊತ್ತಿಗೆ ತಂಡದ ಹೊಸ ಹುಡುಗಿ ಕೇಳಿದ ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಹಾಲಿನ ಸಂಘಗಳ ಪಾವತಿ ಲೆಕ್ಕ ಹಾಕುವ ರಾತ್ರಿಯ ಜಾಬ್ ಈಗ ಒಂದರ ಹಿಂದೊಂದರಂತೆ ಸಾಲಾಗಿ ಓಡುತ್ತದೆ. ಅದನ್ನು ಸಾವಿರ ಸಾವಿರ ದಾಖಲೆಗಳ ಬ್ಯಾಚ್‌ಗಳಾಗಿ ಒಡೆದು ಹಲವು ವರ್ಕರ್‌ಗಳಿಗೆ, ಅಂದರೆ ಒಟ್ಟಿಗೆ ಓಡುವ ಪ್ರೋಗ್ರಾಮ್‌ಗಳಿಗೆ, ಹಂಚಿದರೆ ಬೆಳಗಿನ ಹಾಲು ಅಳೆಯುವ ಮೊದಲೇ ಮುಗಿಯುತ್ತದಲ್ಲ, ಹಾಗೇಕೆ ಮಾಡಬಾರದು ಎಂದು ಮೊದಲು ಕೇಳಿದಳು.

ರೈತರ ಖಾತೆಗಳು ಬೇರೆ ಬೇರೆ, ಅಷ್ಟರಮಟ್ಟಿಗೆ ಒಡೆಯಲು ಅಡ್ಡಿಯಿಲ್ಲ. ಆದರೆ ಪ್ರತಿಯೊಂದು ಪಾವತಿಯೂ ಸಂಘದ ಉಳಿಕೆ ಎಂಬ, ಡೇಟಾಬೇಸಿನ ಒಂದೇ ಸಾಲನ್ನು ಮುಟ್ಟುತ್ತದೆ. ಬೋರ್ಡಿನ ಮೇಲೆ ಬರೆದು ತೋರಿಸಿದೆ: ಉಳಿಕೆ 50,000 ರೂಪಾಯಿ ಇದೆ, ಇಬ್ಬರು ವರ್ಕರ್‌ಗಳೂ ಅದನ್ನೇ ಓದುತ್ತಾರೆ. ಒಬ್ಬ 600 ಕಳೆದು 49,400 ಎಂದು ಬರೆಯುತ್ತಾನೆ, ಮರುಕ್ಷಣ ಇನ್ನೊಬ್ಬ 400 ಕಳೆದು 49,600 ಎಂದು ಅದರ ಮೇಲೆಯೇ ಬರೆಯುತ್ತಾನೆ. ಹೋದದ್ದು ಸಾವಿರ, ಕಳೆದದ್ದು ನಾನೂರು. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್ ತಾನಾಗಿ ಬಳಸುವ ರೀಡ್ ಕಮಿಟೆಡ್ ಮಟ್ಟ, ಅಂದರೆ ಕಮಿಟ್ ಆಗಿ ಖಾಯಂ ಆದದ್ದನ್ನು ಮಾತ್ರ ಓದಲು ಬಿಡುವ ನಿಯಮ, ಇದನ್ನು ತಡೆಯುವುದಿಲ್ಲ.

ಹಾಗಾದರೆ ಕಳೆಯುವ ಕೆಲಸವನ್ನು ಡೇಟಾಬೇಸಿಗೇ ಒಂದು ಅಪ್‌ಡೇಟ್‌ನಲ್ಲಿ ಒಪ್ಪಿಸೋಣ ಎಂದಳು. ಸರಿಯಾದ ಮಾತು. ಆದರೆ ಆ ಸಾಲನ್ನು ಬೇರೆಯವರು ಬದಲಿಸದಂತೆ ಹಿಡಿಯುವ ಲಾಕ್, ಟ್ರಾನ್ಸಾಕ್ಷನ್ (ಒಟ್ಟಿಗೇ ಆಗುವ ಇಲ್ಲವೇ ಒಟ್ಟಿಗೇ ರದ್ದಾಗುವ ಕೆಲಸಗಳ ಗುಂಪು) ಮುಗಿಯುವವರೆಗೂ ಬಿಡುವುದಿಲ್ಲವಾದ್ದರಿಂದ, ಬ್ಯಾಚ್‌ನ ಆರಂಭದಲ್ಲೇ ಅದನ್ನು ಹಿಡಿದರೆ ಉಳಿದ ವರ್ಕರ್‌ಗಳೆಲ್ಲ ಕಾಯುತ್ತಾ ನಿಲ್ಲುತ್ತಾರೆ. ಒಂದು ಬ್ಯಾಚ್ ಮೊದಲು ಎ ಸಂಘವನ್ನೂ ಇನ್ನೊಂದು ಮೊದಲು ಬಿ ಸಂಘವನ್ನೂ ಹಿಡಿದು, ಮತ್ತೊಂದಕ್ಕಾಗಿ ಪರಸ್ಪರ ಕಾದರೆ ಡೆಡ್‌ಲಾಕ್ ಆಗಿ ಎರಡರಲ್ಲಿ ಒಂದನ್ನು ಡೇಟಾಬೇಸ್ ರದ್ದುಮಾಡುತ್ತದೆ. ಆದ್ದರಿಂದ ಪ್ರತಿ ಬ್ಯಾಚ್ ಸಂಘವಾರು ಮೊತ್ತವನ್ನು ತನ್ನಲ್ಲೇ ಕೂಡಿಟ್ಟುಕೊಂಡು, ಕಡೆಯಲ್ಲಿ ಸಂಘದ ಸಂಖ್ಯೆಯ ಏರುಕ್ರಮದಲ್ಲಿ ಒಮ್ಮೆ ಮಾತ್ರ ಮುಟ್ಟಬೇಕು ಎಂಬಲ್ಲಿಗೆ ಇಬ್ಬರೂ ಬಂದೆವು. ಮನಸ್ಸಿಗೆ ಬಹಳ ಸಂತೋಷವಾಯಿತು.

ಚೀಲ ಹೆಗಲಿಗೇರಿಸಿದ ಮೇಲೆ ಅವಳು ಕೇಳಿದ್ದೇ ನಿಜವಾದ ಪ್ರಶ್ನೆ. ಎಲ್ಲ ಬ್ಯಾಚ್‌ಗಳೂ ಮುಗಿದ ನಂತರವೇ ಬ್ಯಾಂಕಿಗೆ ಪಾವತಿಗಳ ಫೈಲ್ ಹೋಗಬೇಕು, ಆದರೆ ಕೊನೆಯ ಬ್ಯಾಚ್‌ಗೆ ತಾನೇ ಕೊನೆಯದು ಎಂದು ಗೊತ್ತಾಗುವುದು ಹೇಗೆ?

ಉಳಿದ ಬ್ಯಾಚ್‌ಗಳ ಎಣಿಕೆಯನ್ನು ಒಂದು ಕಡೆ ಇಟ್ಟು ಪ್ರತಿಯೊಂದೂ ಮುಗಿದಾಗ ಒಂದು ಕಳೆಯುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಆದರೆ ವರ್ಕರ್‌ಗಳಿಗೆ ಕೆಲಸ ಹಂಚುವ ನಮ್ಮ ಕ್ಯೂ ಒಂದು ಜಾಬನ್ನು ಕನಿಷ್ಠ ಒಮ್ಮೆ ಕೊಡುತ್ತೇನೆ ಎನ್ನುತ್ತದೆಯೇ ಹೊರತು ಒಮ್ಮೆ ಮಾತ್ರ ಎನ್ನುವುದಿಲ್ಲ. ವರ್ಕರ್ ಕೆಲಸ ಮುಗಿಸಿ, ಮುಗಿಯಿತೆಂದು ಕ್ಯೂಗೆ ತಿಳಿಸುವ ಮೊದಲೇ ಸತ್ತರೆ, ಅದೇ ಬ್ಯಾಚ್ ಇನ್ನೊಬ್ಬನ ಕೈಗೆ ಹೋಗಿ ಎಣಿಕೆ ಎರಡು ಸಲ ಇಳಿಯುತ್ತದೆ, ಇನ್ನೂ ಮುಗಿಯದ ಒಂದು ಬ್ಯಾಚ್‌ನ ರೈತರನ್ನು ಬಿಟ್ಟು ಫೈಲ್ ಹೊರಡುತ್ತದೆ. ಮದ್ದೂರಿನ ಅತ್ತೆ ಪಾಸ್‌ಬುಕ್ಕಿನ ಒಂದೊಂದು ಅಂಕಿಯನ್ನೂ ಬೆರಳಿಟ್ಟು ಓದುವವರು. ಅಂಥವರ ಹಣ ಬರದೆ ಹೋದರೆ ಡೈರಿಯ ಬಾಗಿಲಲ್ಲಿ ನಿಂತು ಕೇಳಬೇಕಾದವರು ಅವರೇ. ಅದನ್ನು ನೆನೆದಾಗ ಮಾತು ನಿಂತುಹೋಯಿತು.

ಬಸ್ಸಿನಲ್ಲಿ ಕುಳಿತು ಯೋಚಿಸಿದ್ದು ಹೀಗೆ. ಎಣಿಕೆಯ ಬದಲು ಮುಗಿದ ಪ್ರತಿ ಬ್ಯಾಚ್‌ನ ಗುರುತಿನ ಸಂಖ್ಯೆಯನ್ನೇ ಒಂದು ಟೇಬಲ್‌ನಲ್ಲಿ, ಪಾವತಿಗಳ ಟ್ರಾನ್ಸಾಕ್ಷನ್‌ನೊಳಗೇ, ಯುನೀಕ್ ಕೀ ಆಗಿ, ಅಂದರೆ ಎರಡು ಸಲ ಬರಲಾಗದಂತೆ, ಬರೆಯಬೇಕು; ಅದೇ ಬ್ಯಾಚ್ ಮತ್ತೆ ಓಡಿದರೆ ಆ ಬರಹ ವಿಫಲವಾಗಿ, ಎರಡನೆಯ ಸಲದ ಪಾವತಿಗಳೂ ಅದರೊಂದಿಗೇ ರದ್ದಾಗುತ್ತವೆ. ಅಷ್ಟೂ ಸಾಲದು. ಕೊನೆಯ ಎರಡು ಬ್ಯಾಚ್‌ಗಳು ಒಟ್ಟಿಗೆ ಮುಗಿದರೆ, ಇನ್ನೂ ಕಮಿಟ್ ಆಗದ ಸಾಲು ಪರಸ್ಪರ ಕಾಣದೆ, ಇನ್ನೊಂದು ಬಾಕಿಯಿದೆ ಎಂದು ಎರಡೂ ಸುಮ್ಮನಾಗುತ್ತವೆ. ಫೈಲ್ ಯಾರೂ ಕಳುಹಿಸುವುದಿಲ್ಲ. ಹಾಗಾಗಿ ಆ ರಾತ್ರಿಗೆಂದು ಇಟ್ಟ ಒಂದು ಸಾಲಿಗೆ ಲಾಕ್ ಹಾಕಿಕೊಂಡ ನಂತರವೇ ಎಣಿಸಬೇಕು. ಅದೊಂದು ಕಡೆ ಎಲ್ಲರೂ ಸಾಲಾಗಿಯೇ ಬರಲಿ, ಅದಕ್ಕೆ ಹಿಡಿಯುವ ಹೊತ್ತು ಅತ್ಯಲ್ಪ.

ಆದರೆ ಬ್ಯಾಂಕು ನಮ್ಮ ಡೇಟಾಬೇಸಿನ ಹೊರಗಿದೆ, ಅಲ್ಲಿಗೆ ಹೋದದ್ದನ್ನು ರೋಲ್‌ಬ್ಯಾಕ್ ಮಾಡಿ ಹಿಂದಕ್ಕೆ ಪಡೆಯಲಾಗದು. ಫೈಲ್ ಹೋಗಿ, ಹೋಯಿತೆಂದು ನಾವು ಬರೆದುಕೊಳ್ಳುವ ಮೊದಲು ವರ್ಕರ್ ಸತ್ತರೆ ಅದೇ ಫೈಲ್ ಮತ್ತೆ ಹೋಗುತ್ತದೆ. ಒಂದೇ ಉಲ್ಲೇಖ ಸಂಖ್ಯೆಯ ಫೈಲ್ ಎರಡನೆಯ ಸಲ ಬಂದರೆ ಅವರು ತಿರಸ್ಕರಿಸುತ್ತಾರೆಯೇ ಎಂದು ನಾಳೆ ಬೆಳಿಗ್ಗೆಯೇ ಕೇಳಬೇಕು. ಇಲ್ಲವೆಂದರೆ, ಕಳುಹಿಸುವ ಮೊದಲೇ ಬರೆದುಕೊಂಡು, ಮತ್ತೆ ಓಡಿದಾಗ ತಾನಾಗಿ ಕಳುಹಿಸದೆ ಯಾರಾದರೂ ನೋಡುವವರೆಗೆ ನಿಲ್ಲಿಸುವುದೋ, ಆದರೆ ಹಬ್ಬದ ರಜೆಯ ರಾತ್ರಿ ನೋಡುವವರು ಯಾರು?