ಸ್ಟಾಕ್‌ವೆಲ್ ಹುಡುಗ ಮಾಂಟಿ ಬೌಡನ್

ನಾವಿರುವುದು ದಕ್ಷಿಣ ಲಂಡನ್ನಿನ ಸ್ಟಾಕ್‌ವೆಲ್‌ನಲ್ಲಿ. ಟ್ಯೂಬ್ (ಇಲ್ಲಿನ ನೆಲದಡಿ ರೈಲು) ಹತ್ತಿದರೆ ಮುಂದಿನ ಸ್ಟೇಷನ್ನೇ ಓವಲ್, ಹೆಸರಾಂತ ಕ್ರಿಕೆಟ್ ಮೈದಾನ ಇರುವ ಜಾಗ. ಊರಿಂದ ಯಾರೇ ಬಂದರೂ ಮೊದಲು ಆ ಮೈದಾನ ನೋಡಬೇಕು ಅಂತಾರೆ. 1971ರಲ್ಲಿ ನಮ್ಮ ಚಂದ್ರಶೇಖರ್ 38 ರನ್‌ಗೆ 6 ವಿಕೆಟ್ ಕಿತ್ತು, ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ ಜಾಗ ಅಲ್ವಾ! ಹಾಗೆ ಬಂದವರಿಗೆಲ್ಲ ನಾನು ಇನ್ನೊಬ್ಬನ ಕಥೆಯನ್ನೂ ಹೇಳುತ್ತೇನೆ. ಇದೇ ಸ್ಟಾಕ್‌ವೆಲ್‌ನಲ್ಲಿ 1865ರಲ್ಲಿ ಹುಟ್ಟಿದ ಮಾಂಟಿ ಬೌಡನ್‌ನ ಕಥೆ.

ಅವನು ಓದಿದ್ದು ಇಲ್ಲೇ ಡಲಿಚ್ ಕಾಲೇಜಿನಲ್ಲಿ. 1883ರಲ್ಲಿ, ಇನ್ನೂ 17 ವರ್ಷದ ಹುಡುಗನಾಗಿದ್ದಾಗಲೇ, ಸರ್ರೆ ಕೌಂಟಿ ತಂಡ ಸೇರಿದ. ವಿಕೆಟ್ ಕೀಪರ್. ಬ್ಯಾಟೂ ಚೆನ್ನಾಗಿ ಬೀಸುತ್ತಿದ್ದ, ಒಮ್ಮೆ ಔಟಾಗದೆ 189 ಹೊಡೆದಿದ್ದಾನೆ. ಆದರೆ ಸರ್ರೆಗೆ ಆಡಿದ್ದು 1888ರವರೆಗೆ ಮಾತ್ರ. ಆ ವರ್ಷದ ಕೊನೆಗೆ ಮೇಜರ್ ವಾರ್ಟನ್ ಕಟ್ಟಿದ ತಂಡದ ಜೊತೆ ದಕ್ಷಿಣ ಆಫ್ರಿಕಾಕ್ಕೆ ಹಡಗು ಹತ್ತಿದ.

ತಂಡದ ನಾಯಕ ಆಬ್ರಿ ಸ್ಮಿತ್. ಮುಂದೆ ಹಾಲಿವುಡ್ ನಟನಾಗಿ ಹೆಸರು ಮಾಡಿದವರು ಇವರೇ. 1889ರ ಮಾರ್ಚ್‌ನಲ್ಲಿ ಕೇಪ್‌ಟೌನ್ ಪಂದ್ಯದ ಹೊತ್ತಿಗೆ ಸ್ಮಿತ್‌ಗೆ ಜ್ವರ ಬಂತು, ನಾಯಕತ್ವ ಬೌಡನ್‌ಗೆ ಬಂತು. ಆಗ ಅವನಿಗೆ 23 ವರ್ಷ, 144 ದಿನ. ಬಾಬಿ ಏಬಲ್ 120 ಹೊಡೆದರು. ಜಾನಿ ಬ್ರಿಗ್ಸ್ ಇಡೀ ಪಂದ್ಯದಲ್ಲಿ ಬರೀ 28 ರನ್ ಕೊಟ್ಟು 15 ವಿಕೆಟ್ ಕಿತ್ತರು! ದಕ್ಷಿಣ ಆಫ್ರಿಕಾ 47 ಮತ್ತು 43ಕ್ಕೆ ಆಲೌಟ್. ಇನಿಂಗ್ಸ್ ಮತ್ತು 202 ರನ್ ಗೆಲುವು.

ನನ್ನನ್ನು ಕಾಡುವುದು ಇದರ ಮುಂದಿನ ಸಂಗತಿ. ಅದನ್ನು ಆಗ ಯಾರೂ ಟೆಸ್ಟ್ ಪಂದ್ಯ ಎಂದು ಕರೆದಿರಲಿಲ್ಲ. ಆ ಮಾನ್ಯತೆ ಸಿಕ್ಕಿದ್ದು ಆಮೇಲೆ. ಇಂಗ್ಲೆಂಡಿನ ಟೆಸ್ಟ್ ನಾಯಕ ಎಂದು ಅವನನ್ನು ಕರೆಯುವ ಹೊತ್ತಿಗೆ, ಕೇಳಲು ಅವನೇ ಇರಲಿಲ್ಲ.

ಪ್ರವಾಸ ಮುಗಿದ ಮೇಲೆ ಅವನು ವಾಪಸ್ ಬರಲಿಲ್ಲ. ಸ್ಮಿತ್ ಜೊತೆ ಸೇರಿ ಜೋಹಾನ್ಸ್‌ಬರ್ಗ್‌ನಲ್ಲಿ ಷೇರು ದಲ್ಲಾಳಿ ವ್ಯವಹಾರ ಶುರು ಮಾಡಿದ, ಅದು ಕೈಹಿಡಿಯಲಿಲ್ಲ. 1890ರಲ್ಲಿ ಅಲ್ಲಿನ ಟ್ರಾನ್ಸ್‌ವಾಲ್ ತಂಡದ ಪರ, ದಕ್ಷಿಣ ಆಫ್ರಿಕಾದ ದೇಶೀ ಟೂರ್ನಿಯಾದ ಕರ್ರಿ ಕಪ್‌ನ ಮೊದಲ ಪಂದ್ಯ ಆಡಿದ. ಅದೇ ವರ್ಷ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್ ಕಳಿಸಿದ ದಂಡಿನ ಜೊತೆ ಉತ್ತರಕ್ಕೆ ಹೊರಟ. ಆಫ್ರಿಕದವರ ನೆಲ ಕಬಳಿಸಲು ಹೊರಟ ದಂಡು ಅದು, ಇದನ್ನು ಮುಚ್ಚಿಟ್ಟು ಅವನ ಕಥೆ ಹೇಳಬಾರದು. 1892ರ ಫೆಬ್ರವರಿಯಲ್ಲಿ, ಈಗಿನ ಜಿಂಬಾಬ್ವೆಯ ಮುಟಾರೆ ಎಂಬಲ್ಲಿ, ತೀರಿಕೊಂಡ. ವಯಸ್ಸು 26. ವಿಸ್ಕಿ ಪೆಟ್ಟಿಗೆಯ ಹಲಗೆಗಳಿಂದ ಶವಪೆಟ್ಟಿಗೆ ಮಾಡಿದರು, ಹೂಳುವವರೆಗೆ ಸಿಂಹಗಳು ಹತ್ತಿರ ಬಾರದ ಹಾಗೆ ಕಾದರು ಎನ್ನುತ್ತಾರೆ.

2025ರಲ್ಲಿ ಜೇಕಬ್ ಬೆಥೆಲ್ 21ನೇ ವಯಸ್ಸಿಗೇ ಐರ್ಲೆಂಡ್ ವಿರುದ್ಧದ ಟಿ20ಗೆ ನಾಯಕರಾದಾಗ ಇಲ್ಲಿನ ಪತ್ರಿಕೆಗಳಲ್ಲಿ ಬೌಡನ್ ಹೆಸರು ಮತ್ತೆ ಬಂತು. ಇಂಗ್ಲೆಂಡಿನ ಅತಿ ಕಿರಿಯ ನಾಯಕ ಎಂಬ ಅವನ 136 ವರ್ಷದ ದಾಖಲೆ ಮುರಿಯಿತು ಎಂದು ಬರೆದರು. ಆದರೆ ಟೆಸ್ಟ್‌ನಲ್ಲಿ ಇಂಗ್ಲೆಂಡಿನ ಅತಿ ಕಿರಿಯ ನಾಯಕ ಈಗಲೂ ನಮ್ಮ ಸ್ಟಾಕ್‌ವೆಲ್ ಹುಡುಗನೇ.